ಇಪ್ಪತ್ತು ಮೂವತ್ತು

ಮಾಚೋಹಳ್ಳಿ ಗೇಟು ದಾಟಿ, ಇಟ್ಟಿಗೆ ಗೂಡಿನ ಪಕ್ಕ
ಎಡಕ್ಕೆ ತಿರುಗಿದರೆ ಮೂರನೆಯದು ನಮ್ಮದು.
ಅಗಲ ಇಪ್ಪತ್ತು, ಉದ್ದ ಮೂವತ್ತು.
ಪೀಣ್ಯದಲ್ಲಿ ಇಪ್ಪತ್ತಮೂರು ವರ್ಷ
ಯಾರು ಯಾರದೋ ಅಂಗಿಗೆ ಕಾಲರು ಕೂರಿಸಿ
ಕೈಗೆ ಬಂದ ಪಿ.ಎಫ್. ದುಡ್ಡು.
ಎಲ್ಲ ಮಣ್ಣಾಯಿತು ಅಂದರು ಜನ.
ಹೌದು, ಮಣ್ಣೇ ಆಯಿತು.
ಹಿಡಿದು ನೋಡಿದೆ. ಕೆಂಪಗಿತ್ತು.

ಕಟ್ಟೋಣವೆಂದರೆ ಕಟ್ಟುವ ಹಾಗಿಲ್ಲ.
ಸರ್ವೆಯವರು ಮೂಲೆಗಲ್ಲಿಗೆ ಬಣ್ಣ ಬಳಿದು
ಇಲ್ಲಿ ರಸ್ತೆ ಬರುತ್ತೆ ಎಂದು ಹೋಗಿ ಹದಿನಾಲ್ಕು ವರ್ಷ.
ರಸ್ತೆ ಎಲ್ಲಿಂದಲೋ ಇನ್ನೂ ಹೊರಟೇ ಇಲ್ಲ.
ಬಣ್ಣ ಮಾತ್ರ ಎರಡು ಸಲ ಹೊಸದಾಯಿತು.

ಆಗ ನನ್ನ ನಾದಿನಿ ಗಂಗಹೊನ್ನಮ್ಮ ಹೇಳಿದ್ದು:
ಅತ್ತಿಗೆ, ರಸ್ತೆ ಬರೋ ಜಾಗದಲ್ಲಿ
ಚಕ್ರ ಇರೋದು ನಿಂತರೆ ಯಾರು ಬೇಡ ಅಂತಾರೆ?

ಲೇತಿನ ಮುನಿಸ್ವಾಮಾಚಾರಿ ಗುಜರಿಯಿಂದ
ಹಳೇ ಟ್ರೇಲರಿನ ಅಡಿಗಟ್ಟು ಎಳಕೊಂಡು ಬಂದ.
ನಾಲ್ಕು ಟೈರು, ಒಂದಕ್ಕೆ ಮಾತ್ರ ಹಲ್ಲು.
ಮೇಲೆ ಕಬ್ಬಿಣದ ಚೌಕಟ್ಟು, ತಗಡು, ಪ್ಲೈವುಡ್ಡು.
ಒಲೆಯ ಮುಂದೆ ನಿಂತರೆ ಬೆನ್ನಿಗೆ ಹಾಸಿಗೆ ತಾಗುತ್ತೆ.
ಮುದ್ದೆ ತೊಳಸುವಾಗ ಮನೆಯೇ ಸಣ್ಣಗೆ ಆಡುತ್ತೆ;
ಬೀದಿಯವರಿಗೆಲ್ಲ ಗೊತ್ತಾಗುತ್ತೆ, ಇವತ್ತು ಇವರದು ಮುದ್ದೆ.

ಪಂಚಾಯ್ತಿಯವನು ಸುತ್ತ ಬಂದು ನೋಡಿ
ಇದು ಗಾಡಿ, ಡೋರ್ ನಂಬರು ಕೊಡೋಕಾಗಲ್ಲ ಅಂದ.
ಆರ್‌ಟಿಓದಲ್ಲಿ ಫೋಟೋ ತೋರಿಸಿದರೆ
ತುಳಸಿಕಟ್ಟೆ ಕಾಣ್ತಿದೆಯಲ್ಲಮ್ಮ, ಇದು ಮನೆ ಅಂದರು.
ಕರೆಂಟಿನವನೊಬ್ಬ ಏನೂ ಕೇಳದೆ
ಕಂಬಕ್ಕೆ ಮೀಟರು ಕೂರಿಸಿ, ತಾತ್ಕಾಲಿಕ ಅಂತ ಬರೆದುಕೊಂಡ.
ಒಂಬತ್ತು ವರ್ಷದಿಂದ ತಿಂಗಳು ತಪ್ಪದೆ
ತಾತ್ಕಾಲಿಕಕ್ಕೆ ದುಡ್ಡು ಕಟ್ಟುತ್ತಿದ್ದೇವೆ.

ದಕ್ಷಿಣಕ್ಕೆ ನಾಲ್ಕಂತಸ್ತು ಎದ್ದು ಕಿಟಕಿ ಕತ್ತಲಾದ ವರ್ಷ
ಜಾಕು ಕೊಟ್ಟು ಮನೆಯನ್ನೇ ತಿರುಗಿಸಿದೆವು.
ಬೇಲಿಗೂ ಮೂಲೆಗೂ ಎರಡು ಬೆರಳು ಉಳಿಯಿತು.

ಜಗಳ ಬಂದರೆ ಒಬ್ಬರಿಗೆ ಮನೆ, ಒಬ್ಬರಿಗೆ ಸೈಟು.
ಅವಳು ಹೊಂಗೆಯ ಕೆಳಗೆ ಸ್ಟೂಲು ಹಾಕಿ
ರಸ್ತೆ ಬರಬೇಕಾದ ದಿಕ್ಕು ನೋಡುತ್ತ ಕೂರುತ್ತಾಳೆ.
ನಾನು ಒಳಗೆ ಪಾತ್ರೆ ಕುಕ್ಕುತ್ತೇನೆ.
ತಗಡಿನ ಗೋಡೆ. ಬೈದದ್ದೂ ಕೇಳುತ್ತೆ, ಅತ್ತದ್ದೂ ಕೇಳುತ್ತೆ.
ನನ್ನ ಗಂಡ, ಅವಳಿಗೆ ಅಣ್ಣ.
ಗೋಡೆಯಲ್ಲಿ ಜಾಗವಿಲ್ಲದೆ ಅವನ ಫೋಟೋ
ಬಾಗಿಲ ಬೆನ್ನಿಗೆ ನೇತುಹಾಕಿದ್ದೇವೆ.
ನಾವು ಬಾಗಿಲು ತಳ್ಳಿದಾಗಲೆಲ್ಲ
ಅವನೂ ಒಂದು ಸಲ ಹೊರಗೆ ಹೋಗಿ ಬರುತ್ತಾನೆ.

ಆಯುಧಪೂಜೆಗೆ ಮನೆ ತೊಳೆದು, ಗಾಳಿ ಹೊಡೆಸಿ,
ಹೊಸ್ತಿಲಿಗೂ ಅರಿಶಿನ, ಚಕ್ರಕ್ಕೂ ಅರಿಶಿನ.
ನಾಲ್ಕು ಟೈರಿನಡಿ ನಾಲ್ಕು ನಿಂಬೆಹಣ್ಣು.
ನಿಂಬೆ ಅಪ್ಪಚ್ಚಿಯಾಗದೆ ಪೂಜೆ ಮುಗಿಯಲ್ಲವಲ್ಲ,
ಗೂಡಿನ ಟ್ರ್ಯಾಕ್ಟರು ತಂದು ಬಾಷುಸಾಬ್ ಕೊಕ್ಕೆ ಹಾಕುತ್ತಾರೆ.
ಗಂಗಹೊನ್ನಮ್ಮ ಇಳಿಯುವವಳಲ್ಲ;
ಒಳಗೇ ನಿಂತು ಹಾಲಿನ ಪಾತ್ರೆ ಹಿಡಕೊಂಡಿರುತ್ತಾಳೆ.

ಒಂದು ಗೇಣು ಮುಂದೆ.
ಲೋಟಗಳು ಕಿಣಿಕಿಣಿ, ದೀಪ ಒಮ್ಮೆ ತೊನೆದು,
ಪಟ್. ಪಟ್. ಪಟ್.
ನಾಲ್ಕನೆಯದು ಪ್ರತಿವರ್ಷ ಜಾರಿ ಪಕ್ಕಕ್ಕೆ ಉರುಳುತ್ತೆ.
ಅದು ಮಧ್ಯಾಹ್ನದ ಚಿತ್ರಾನ್ನಕ್ಕೆ.

ನಾನು ಮನೆಯ ಹಿಂದಕ್ಕೆ ಹೋಗುತ್ತೇನೆ.
ಅಲ್ಲಿ ಒಂದು ಗೇಣು ನೆಲ,
ವರ್ಷಪೂರ್ತಿ ಬಿಸಿಲು ಕಾಣದ್ದು.
ಬಿಳಿಚಿದ ಹುಲ್ಲು, ಕಳೆದುಹೋಗಿದ್ದ ಸೌಟಿನ ಹಿಡಿ,
ಮೊಟ್ಟೆ ಕಚ್ಚಿಕೊಂಡು ದಿಕ್ಕೆಟ್ಟು ಓಡುವ ಇರುವೆ.
ರಸ್ತೆ ಬರುವ ದಿನ ಮನೆ ಹೊರಡುತ್ತೆ, ತೊಂದರೆಯಿಲ್ಲ,
ಅದಕ್ಕೆ ವರ್ಷ ವರ್ಷ ಅಭ್ಯಾಸ ಮಾಡಿಸಿದ್ದೇವೆ.
ಹೊಂಗೆಗೆ ಮಾಡಿಸಿಲ್ಲ.
ಈ ನೆಲಕ್ಕೆ ಮಾಡಿಸಿಲ್ಲ.

ಟ್ರ್ಯಾಕ್ಟರಿನ ಮೇಲಿಂದ ಬಾಷುಸಾಬ್ ತಿರುಗಿ
ಪ್ರತಿ ಸಲದ ಹಾಗೆ ಕೇಳುತ್ತಾರೆ:
ಹೆಂಗೂ ಹೊರಟಿದೆಯಲ್ಲಕ್ಕ,
ಮಾಗಡಿ ತನಕ ಒಂದು ಸುತ್ತು ಹೋಗಿ ಬರೋಣವಾ?
ಕಿಟಕಿಯಿಂದ ಗಂಗಹೊನ್ನಮ್ಮ ಹೂಂ ಅನ್ನುತ್ತಾಳೆ.

ನಾನು ಬಗ್ಗಿ ಇರುವೆಗಳನ್ನು ನೋಡುತ್ತ
ಕೈಬೀಸುತ್ತೇನೆ:
ಹಿಂದಕ್ಕೆ, ಬಾಷಣ್ಣ. ಸ್ವಲ್ಪ ತಾಳಿ,
ಇವು ಒಳಗೆ ಹೋಗಲಿ.
ಹಾಂ. ಈಗ.
ನಿಧಾನ.